ಕಲಬುರಗಿ ಬಿಸಿಲಲ್ಲಿ 2 ಅಡಿ ರೀಫ್ ಟ್ಯಾಂಕ್: ಯಾವ ಲೈಟ್, ಏನೇನು ಸಾಮಾನು?

ತೊಗರಿನಾಡು (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಸಿಹಿನೀರಿನ ಗಿಡದ ಟ್ಯಾಂಕ್ ಅಭ್ಯಾಸವಿದೆ, ಉಪ್ಪುನೀರು ಮಾತ್ರ ಹೊಸದು. 60×45×45 ಸೆಂ.ಮೀ. ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್) ಮಾಡಿಸಬೇಕೆಂದಿದ್ದೇನೆ. ಗಾಜು ಇನ್ನೂ ಕತ್ತರಿಸಿಲ್ಲ, ಬದಲಾವಣೆ ಏನಾದರೂ ಇದ್ದರೆ ಈಗಲೇ ಹೇಳಿಬಿಡಿ. ಒಂದು ಜೋಡಿ ಕ್ಲೌನ್ ಮೀನು, ಸಾಕಲು ಸುಲಭವಾದ ನಾಲ್ಕೈದು ಹವಳ, ಇಷ್ಟೇ ಆಸೆ.

ಮನೆಯ ಸ್ಥಿತಿ ಹೀಗಿದೆ: ಮೊದಲ ಮಹಡಿ, ತಲೆ ಮೇಲೆ ಆರ್‌ಸಿಸಿ, ಪಶ್ಚಿಮದ ಗೋಡೆ. ಎಸಿ ಇಲ್ಲ, ಏಪ್ರಿಲ್-ಮೇನಲ್ಲಿ ಕೂಲರ್ ಓಡುತ್ತದೆ. ಬೋರ್ ನೀರಿನ ಟಿಡಿಎಸ್ (ಕರಗಿದ ಲವಣದ ಅಳತೆ) 1100. ಅಡುಗೆಮನೆ ಆರ್‌ಒ ನೀರು 60 ತೋರಿಸುತ್ತದೆ, ತಾಮ್ರದ ಕಾರ್ಟ್ರಿಜ್ ಇರುವ ಮಾದರಿ. 150 ಎಎಚ್ ಬ್ಯಾಟರಿಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಇದೆ. ಟ್ಯಾಂಕು, ಸ್ಟ್ಯಾಂಡು ಬಿಟ್ಟು 60 ಸಾವಿರದವರೆಗೆ ಹಾಕಬಹುದು.

ಅಂಗಡಿಯವರು 165 ವ್ಯಾಟ್‌ನ ಕಪ್ಪು ಪೆಟ್ಟಿಗೆ ಎಲ್‌ಇಡಿ ತೋರಿಸಿ, ಲೈಟು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಾರೆ. ನನ್ನ ಬಳಿ ಇರುವ 6500 ಕೆಲ್ವಿನ್ ಗಿಡದ ಲೈಟ್ ಸಾಲದೆ? ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಬೇಕೇ ಬೇಕಾ? ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲದೆ ಬರೀ ಫ್ಯಾನಿನಲ್ಲಿ ನಡೆಯುತ್ತದಾ? ಕಲ್ಲಿನ ಬದಲು ಶಹಾಬಾದಿ ಪರಸಿ (ನೆಲಕ್ಕೆ ಹಾಸುವ ಕಲ್ಲು) ತುಂಡು ಹಾಕಬಹುದಾ? ಅದೂ ಸುಣ್ಣದ ಕಲ್ಲೇ ತಾನೆ?

---

ಉಪ್ಪುನೀರು (ಕಲಬುರಗಿ)

ಖರ್ಚಿನ ಕ್ರಮವನ್ನೇ ಸ್ವಲ್ಪ ತಿರುಗಿಸೋಣ. ನಮ್ಮ ಊರಲ್ಲಿ ರೀಫ್ ಟ್ಯಾಂಕಿಗೆ ಮೊದಲು ದುಡ್ಡು ಇಡಬೇಕಾದದ್ದು ತಂಪಿಗೆ, ಆಮೇಲೆ ನೀರಿಗೆ, ಲೈಟು ಮೂರನೆಯದು. ಬೆಂಗಳೂರಿನವರ ಪಟ್ಟಿ ನೋಡಿ ಲೈಟಿಗೆ ಅರ್ಧ ಬಜೆಟ್ ಸುರಿದರೆ ಏಪ್ರಿಲ್‌ನಲ್ಲಿ ಆ ಲೈಟಿನ ಕೆಳಗೆ ಬೆಳಗಿಸಲು ಏನೂ ಉಳಿದಿರುವುದಿಲ್ಲ.

ನೀವು ಮೊದಲು ಕೇಳಿದ್ದು ಲೈಟು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಹವಳದ ಒಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ಮಾಡಿ ಹವಳಕ್ಕೆ ಕೊಡುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು 400ರಿಂದ 480 ನ್ಯಾನೋಮೀಟರಿನ ನೇರಳೆ-ನೀಲಿ ಪಟ್ಟಿ. ನಿಮ್ಮ 6500 ಕೆಲ್ವಿನ್ ಲೈಟಿನಲ್ಲಿ ನೀಲಿ ಇಲ್ಲವೆಂದಲ್ಲ, ಆದರೆ ಹಳದಿ-ಕೆಂಪು ಹೆಚ್ಚು. ಅದರಲ್ಲಿ ಹವಳ ಒಡನೆ ಸಾಯುವುದಿಲ್ಲ, ಬಣ್ಣ ಕಂದಾಗಿ ಮಂಕಾಗುತ್ತದೆ, ಹೊಸ ಟ್ಯಾಂಕಿನಲ್ಲಿ ಕೂದಲು ಪಾಚಿಗೆ ಹಬ್ಬ. ಅದನ್ನು ಗಿಡಕ್ಕೇ ಬಿಡಿ.

ಎಷ್ಟು ಬೆಳಕು ಅನ್ನುವುದನ್ನು ವ್ಯಾಟಿನಲ್ಲಿ ಅಲ್ಲ, ಪಾರ್ ಅಳತೆಯಲ್ಲಿ (ಪಾಚಿ ಬಳಸಬಲ್ಲ ಬೆಳಕು ಎಷ್ಟು ಬೀಳುತ್ತದೆ ಎಂಬುದು) ನೋಡಬೇಕು. ಮಶ್ರೂಮ್ ಹವಳಕ್ಕೆ 30ರಿಂದ 80 ಸಾಕು. ಜೋವಾಂತಿಡ್, ಲೆದರ್, ಗ್ರೀನ್ ಸ್ಟಾರ್ ಪಾಲಿಪ್‌ಗಳಿಗೆ 80ರಿಂದ 150. 200ರಿಂದ 350 ಬೇಕಾಗುವುದು ಕವಲು ಕವಲಾಗಿ ಬೆಳೆಯುವ ಗಟ್ಟಿ ಹವಳಗಳಿಗೆ, ಅವು ನಿಮ್ಮ ಪಟ್ಟಿಯಲ್ಲೇ ಇಲ್ಲ. 60 ಸೆಂ.ಮೀ. ಉದ್ದದ ಟ್ಯಾಂಕಿಗೆ ನಿಜವಾಗಿ 50-60 ವ್ಯಾಟ್ ಎಳೆಯುವ, ನೀಲಿ ಮತ್ತು ಬಿಳಿ ಚಾನೆಲ್ ಬೇರೆ ಬೇರೆ ಹೊಂದಿಸಬಹುದಾದ ಒಂದು ಎಲ್‌ಇಡಿ ಧಾರಾಳವಾಯಿತು. ಎಐ ಪ್ರೈಮ್ 16 ಎಚ್‌ಡಿ ಎಂಬ ಲೈಟ್ ಗರಿಷ್ಠ 59 ವ್ಯಾಟ್ ಎಳೆಯುತ್ತದೆ, ಇದಕ್ಕೆ ಹೇಳಿ ಮಾಡಿಸಿದ ಗಾತ್ರ. ಕೆಸಿಲ್ ಎ160 ಲೈಟ್ 40 ವ್ಯಾಟ್, ಮೃದು ಹವಳಕ್ಕೆ ಸಾಕು. ಆದರೆ ಅದಕ್ಕೆ ತಾನಾಗಿ ಏರಿಳಿಯುವ ಟೈಮರ್ ಬೇಕೆಂದರೆ ಕಂಟ್ರೋಲರ್ ಬೇರೆ ಕೊಳ್ಳಬೇಕು, ಆ ಲೆಕ್ಕ ಮರೆಯಬೇಡಿ.

165 ವ್ಯಾಟ್ ಪೆಟ್ಟಿಗೆ ಅಂದರೆ 55 ಎಲ್‌ಇಡಿ, ಒಂದೊಂದಕ್ಕೆ 3 ವ್ಯಾಟ್ ಅಂತ ಲೆಕ್ಕ ಹಾಕಿ ಬರೆದದ್ದು. ಗೋಡೆಯ ಪಾಯಿಂಟಿನಿಂದ ಎಳೆಯುವುದು ಹೆಚ್ಚುಕಡಿಮೆ 100-120. ಕೆಟ್ಟ ಲೈಟಲ್ಲ. ತೊಂದರೆ ಎಂದರೆ ಅದರ ಲೆನ್ಸ್ ಬೆಳಕನ್ನು ನಡುವಿಗೆ ಚುಚ್ಚುತ್ತದೆ: ನಡುವೆ ಹವಳ ಸುಡುತ್ತದೆ, ಮೂಲೆಗಳಲ್ಲಿ ಮಬ್ಬು. ಜೊತೆಗೆ ಎಳೆದ ವಿದ್ಯುತ್ತೆಲ್ಲ ಕೊನೆಗೆ ಅದೇ ಕೋಣೆಯಲ್ಲಿ ಬಿಸಿಯಾಗಿ ಉಳಿಯುತ್ತದೆ. ಈಗಾಗಲೇ ಕೊಂಡಿದ್ದವರು ನೀರಿನ ಮಟ್ಟದಿಂದ 35-40 ಸೆಂ.ಮೀ. ಎತ್ತರಕ್ಕೆ ತೂಗುಹಾಕಿ, ಬಿಳಿ 10, ನೀಲಿ 30 ಪ್ರತಿಶತಕ್ಕೆ ಇಳಿಸಿ ನಡೆಸಬಹುದು. ಹೊಸದಾಗಿ ಕೊಳ್ಳುವವರಿಗೆ ನಾನು ಹೇಳುವುದಿಲ್ಲ.

ಮೊಬೈಲಿನಲ್ಲಿ ಬೆಳಕು ಅಳೆಯುವ ಲಕ್ಸ್ ಆ್ಯಪ್ ನಂಬಿ ಲೈಟ್ ಏರಿಸಬೇಡಿ. ಲಕ್ಸ್ ಮೀಟರ್ ಮನುಷ್ಯನ ಕಣ್ಣಿನ ಹಾಗೆ ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ, ನೀಲಿಯನ್ನು ಎಣಿಸುವುದೇ ಅಷ್ಟಕ್ಕಷ್ಟೆ. ನೀಲಿ ಲೈಟಿನ ಕೆಳಗೆ ಅಂಕಿ ಕಡಿಮೆ ಬಂತೆಂದು ಏರಿಸುತ್ತಾ ಹೋದರೆ ಹವಳ ಬಿಳುಚಿದ ಮೇಲೆ ಗೊತ್ತಾಗುತ್ತದೆ.

ಇನ್ನು ತಂಪು. 100 ಲೀಟರ್ ನೀರು 1 ಡಿಗ್ರಿ ಬಿಸಿಯಾಗಲು ಬೇಕಾಗುವುದು ಸುಮಾರು 116 ವ್ಯಾಟ್-ಗಂಟೆ. ನೀರಲ್ಲಿ ಮುಳುಗಿದ 15 ವ್ಯಾಟ್ ಪಂಪ್ ಒಂದೇ ದಿನಕ್ಕೆ 360 ವ್ಯಾಟ್-ಗಂಟೆ ಸುರಿಯುತ್ತದೆ, ಅಂದರೆ ಬಿಸಿ ಹೊರಹೋಗದಿದ್ದರೆ 3 ಡಿಗ್ರಿ ಅದೊಂದರಿಂದಲೇ. ಆದ್ದರಿಂದ ಮನೆಯ ಕರೆಂಟಿಗೆ ನೇರ ಓಡುವ ಅಗ್ಗದ ಎಸಿ ಪಂಪ್ ಬೇಡ, ಅದೇ ಕೆಲಸಕ್ಕೆ ಕಡಿಮೆ ವ್ಯಾಟ್ ಎಳೆಯುವ, ಅಡಾಪ್ಟರ್ ಇರುವ ಡಿಸಿ ಪಂಪ್ ತಗೊಳ್ಳಿ. ನೀರು 25ರಿಂದ 27 ಡಿಗ್ರಿಯಲ್ಲಿ ಇರಬೇಕು. 29ರ ಮೇಲೆ ದಿನಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಲು ಶುರುಮಾಡುತ್ತದೆ, ಬಿಳುಚುವುದು ಅಂದರೆ ಇದೇ. ಬಿಸಿ ಮತ್ತು ಜೋರು ಬೆಳಕು ಒಟ್ಟಿಗೆ ಬಿದ್ದರೆ ಬೇಗ. ಚಿಲ್ಲರ್ ಕೆಟ್ಟ ದಿನ ಮೊದಲು ಮಾಡಬೇಕಾದ ಕೆಲಸ ಲೈಟನ್ನು ಅರ್ಧಕ್ಕೆ ಇಳಿಸುವುದು. ಇದನ್ನು ಎಲ್ಲಾದರೂ ಬರೆದಿಡಿ.

ಫ್ಯಾನ್ ವಿಚಾರ: 12 ಸೆಂ.ಮೀ.ನ ಎರಡು ಕಂಪ್ಯೂಟರ್ ಫ್ಯಾನ್ ನೀರಿನ ಮೇಲೆ ಓರೆಯಾಗಿ ಬೀಸಿದರೆ 2ರಿಂದ 4 ಡಿಗ್ರಿ ಇಳಿಯುತ್ತದೆ. ಒಂದು ಲೀಟರ್ ಆವಿಯಾದರೆ 100 ಲೀಟರಿನಿಂದ ಲೆಕ್ಕಕ್ಕೆ ಸುಮಾರು 6 ಡಿಗ್ರಿಯ ಬಿಸಿ ಹೋಗುತ್ತದೆ, ಆದರೆ ಕೋಣೆ ಆ ಬಿಸಿಯನ್ನು ಮತ್ತೆ ತುಂಬುತ್ತಲೇ ಇರುತ್ತದೆ. ನಮ್ಮದು ಒಣ ಬಿಸಿಲು, ಹಾಗಾಗಿ ಕರಾವಳಿಗಿಂತ ಇಲ್ಲಿ ಫ್ಯಾನ್ ಚೆನ್ನಾಗಿ ಕೆಲಸ ಮಾಡುತ್ತದೆ, ಅದೊಂದು ಅನುಕೂಲ. ಆದರೂ ಆರ್‌ಸಿಸಿ ಕೆಳಗಿನ ಕೋಣೆ ಸಂಜೆ 5ಕ್ಕೆ 36-37 ಮುಟ್ಟಿದರೆ 4 ಡಿಗ್ರಿ ಇಳಿಸಿ ಏನು ಬಂತು? ಜುಲೈನಿಂದ ಫೆಬ್ರವರಿವರೆಗೆ ಫ್ಯಾನ್ ಸಾಕು. ಮಾರ್ಚ್ ನಡುವಿನಿಂದ ಜೂನ್ ಮಳೆ ಹಿಡಿಯುವವರೆಗೆ ಚಿಲ್ಲರ್ ಬೇಕು.

1/10 ಎಚ್‌ಪಿ ಚಿಲ್ಲರ್ ಸಾಕು. ಲೆಕ್ಕ ನೋಡಿ: ನಾಲ್ಕು ಬದಿಯ ಗಾಜು ಸೇರಿ ಹತ್ತಿರ ಹತ್ತಿರ 0.95 ಚದರ ಮೀಟರ್. ಹೊರಗೆ 36, ಒಳಗೆ 27 ಇದ್ದರೆ ಗಾಜಿನಿಂದಲೇ 40-45 ವ್ಯಾಟ್ ಬಿಸಿ ಒಳಬರುತ್ತದೆ. ಪಂಪು, ಲೈಟು, ತಳ ಸೇರಿ ಒಟ್ಟು 100 ವ್ಯಾಟ್ ಆಸುಪಾಸು. ಆ ಗಾತ್ರದ ಚಿಲ್ಲರ್ ಇದರ ಎರಡರಷ್ಟಕ್ಕೂ ಹೆಚ್ಚು ಬಿಸಿ ಎಳೆಯಬಲ್ಲದು, ಸತತ ಓಡಬೇಕಾಗಿಲ್ಲ. ಹಿಂಬದಿ ಮತ್ತು ಗೋಡೆ ಕಡೆಯ ಬದಿಗೆ 20 ಮಿ.ಮೀ. ಥರ್ಮಾಕೋಲ್ ಅಂಟಿಸಿದರೆ ಆ ಎರಡು ಗಾಜಿನಿಂದ ಬರುವ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಯಾಕೋ ಯಾರೂ ಮಾಡುವುದಿಲ್ಲ. ಚಿಲ್ಲರನ್ನು ಸ್ಟ್ಯಾಂಡಿನ ಮುಚ್ಚಿದ ಕಪಾಟಿನೊಳಗೆ ಮಾತ್ರ ಇಡಬೇಡಿ. ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ನಿಲ್ಲದೆ ಓಡಿ ಕಂಪ್ರೆಸರ್ ಸುಟ್ಟುಕೊಳ್ಳುತ್ತದೆ.

ಕೊನೆಯದಾಗಿ, ಟ್ಯಾಂಕು ಪಶ್ಚಿಮದ ಗೋಡೆಗೆ ಬೇಡ. ಒಳಗೋಡೆಗೆ ಇಡಿ, ಅದಕ್ಕೆ ದುಡ್ಡೂ ಬೇಡ.

---

ಭೀಮಾತೀರ (ಯಾದಗಿರಿ)

ಮ್ಯಾಲಿನ ಅಣ್ಣಾವ್ರು ಬಿಸಿಲಿನ ಲೆಕ್ಕ ಬರೋಬ್ಬರಿ ಹೇಳ್ಯಾರ. ನಾ ಕರೆಂಟಿನ ಮಾತು ಅಷ್ಟ ಹೇಳ್ತೀನ್ರಿ.

ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಎಸಿ ಪಂಪ್ ಹಾಕಬ್ಯಾಡ್ರಿ. ಗುಂಯ್ ಅಂತ ಸಪ್ಪಳ ಮಾಡ್ತದ, ಕಾಯಿಲ್ ಕಾಯ್ತದ, ಆ ಕಾವು ಸೀದಾ ನೀರಿಗೆ ಹೋಗ್ತದ. ಡಿಸಿ ಪಂಪಿನ ಅಡಾಪ್ಟರ್‌ಗೆ ಆ ತ್ರಾಸು ಇರಂಗಿಲ್ಲ, ಸಾಮಾನ್ಯವಾಗಿ ನಡೀತದ. ಮುಂದ ಇನ್ವರ್ಟರ್ ಬದಲಿ ಮಾಡೂದಿದ್ರ ಪ್ಯೂರ್ ಸೈನ್ ವೇವ್ (ಮನಿ ಲೈನಿನ ಕರೆಂಟಿನಂಗ ನಯವಾಗಿ ಕೊಡೂದು) ತೊಗೊಳ್ರಿ.

150 ಎಎಚ್, 12 ವೋಲ್ಟ್ ಅಂದ್ರ 1800 ವ್ಯಾಟ್-ಗಂಟೆ. ಹಳೇ ಬ್ಯಾಟರಿ ಅಂತ ಅರ್ಧ ಹಿಡೀರಿ, 900. ರಿಟರ್ನ್ ಪಂಪ್ (ಫಿಲ್ಟರ್ ಆದ ನೀರು ತಿರುಗಿ ಟ್ಯಾಂಕಿಗೆ ಬಿಡೂದು) 15, ವೇವ್‌ಮೇಕರ್ (ನೀರು ಅಲುಗಾಡಿಸೂ ಪಂಪ್) 10, ಎರಡೂ ಕೂಡಿ 25 ವ್ಯಾಟ್. ಇನ್ವರ್ಟರ್ ತಾನೇ ತಿನ್ನೂದು ಕಳದ್ರೂ ಇಡೀ ರಾತ್ರಿ ಆರಾಮ ದಾಟ್ತದ. ಅದಕ್ಕ 200 ವ್ಯಾಟಿನ ಚಿಲ್ಲರ್ ಸೇರಿಸಿದ್ರಿ ಅಂದ್ರ ನಾಕು ತಾಸಿನೊಳಗ ಖಾಲಿ, ಮನಿ ಫ್ಯಾನ್ ಬ್ಯಾರೆ ನಿಲ್ತಾವ. ಚಿಲ್ಲರ್, ಹೀಟರ್, ಲೈಟ್ ಈ ಮೂರೂ ಇನ್ವರ್ಟರ್ ಲೈನಿಗೆ ಬ್ಯಾಡ. ಕರೆಂಟ್ ಹೋದಾಗ ಮೊದಲು ಬೇಕಾಗೂದು ನೀರು ಅಲುಗಾಡೂದು, ಯಾಕಂದ್ರ ಬೆಚ್ಚಗಿನ ನೀರಿನ್ಯಾಗ ಆಮ್ಲಜನಕ ಮೊದಲೇ ಕಡಿಮಿ. ಮ್ಯಾಲಿನ ಪದರ ಅಲುಗಾಡ್ಲಿಲ್ಲಂದ್ರ ಮೀನು ಬಾಯಿ ಬಿಡ್ತಾವ.

ಇನ್ವರ್ಟರ್‌ನೇ ಕೈಕೊಟ್ರ? ಅದಕ್ಕಂತ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ರಿ, ಯುಎಸ್‌ಬಿ ಚಾರ್ಜ್ ಆಗೂದು ಭಾಳ ಅಗ್ಗ ಸಿಗ್ತದ. ವೇವ್‌ಮೇಕರ್ 12 ವೋಲ್ಟಿಂದಿದ್ರ 7 ಎಎಚ್ ಸಣ್ಣ ಬ್ಯಾಟರಿಗೆ ಸೀದಾ ಜೋಡಿಸಿದ್ರೂ ಆರು ತಾಸು ಹತ್ತಿರ ಓಡ್ತದ. ಭಾಳಷ್ಟು 24 ವೋಲ್ಟಿನೂ ಬರ್ತಾವ, ಅಡಾಪ್ಟರ್ ಮ್ಯಾಲಿನ ಚೀಟಿ ನೋಡಿ ತೊಗೊಳ್ರಿ.

ಕೂಲರ್ ಬಗ್ಗೆ. ಕಿಟಕಿ ಮುಚ್ಚಿ ಕೂಲರ್ ಹಚ್ಚಿದ್ರ ಕೋಣಿ ತುಂಬ ಹಸಿ ಗಾಳಿ ಆಗ್ತದ, ಟ್ಯಾಂಕಿನ ಫ್ಯಾನ್ ಎಷ್ಟು ತಿರುಗಿದ್ರೂ ನೀರು ಆವಿ ಆಗಂಗಿಲ್ಲ. ಎದುರಿನ ಕಿಟಕಿ ಒಂದು ಗೇಣು ತೆರದಿಡ್ರಿ, ಗಾಳಿ ಹೊರಗ ಹೋಗ್ಲಿ. ಮತ್ತ ಕೋಣ್ಯಾಗ ಸೊಳ್ಳಿ ಬತ್ತಿ, ಲಿಕ್ವಿಡ್ ಮಶೀನ್, ಝೊಂಡಿಗಕ್ಕ (ಜಿರಳೆಗೆ) ಹೊಡಿಯೂ ಸ್ಪ್ರೇ ಪೂರ್ತಿ ಬಂದ್. ಅವುಗಳೊಳಗಿನ ಪೈರೆಥ್ರಾಯ್ಡ್ ಮಂದಿಗೆ ಅಷ್ಟು ಅಪಾಯ ಅಲ್ಲ, ಸಿಗಡಿ, ಏಡಿ, ಮೀನಿಗೆ ವಿಷ. ಏರ್ ಪಂಪ್ ಆ ಗಾಳಿನೇ ಎಳಕೊಂಡು ನೀರಿಗೆ ಊದ್ತದ.

ವೈರಿಂಗ್: 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಬಂದ್ ಮಾಡೂ ಸ್ವಿಚ್) ಹಾಕಿಸ್ದೆ ಉಪ್ಪುನೀರಿಗೆ ಕೈ ಹಾಕಬ್ಯಾಡ್ರಿ. ಇದ್ರಾಗ ಚೌಕಾಸಿ ಇಲ್ಲ. ಪ್ರತಿ ವೈರು ಪ್ಲಗ್ಗಿಗಿಂತ ಕೆಳಗ ಒಂದು ಸಲ ಜೋತು ಬಿದ್ದು ಮ್ಯಾಲ ಹೋಗಬೇಕು, ನೀರು ವೈರ್ ಗುಂಟ ಹರಿದು ಬಂದ್ರ ಕೆಳಗ ತೊಟ್ಟಿಕ್ಕತದ, ಪ್ಲಗ್ಗಿಗೆ ಹೋಗಂಗಿಲ್ಲ. ಎಕ್ಸ್‌ಟೆನ್ಷನ್ ಬೋರ್ಡ್ ಗ್ವಾಡಿಗೆ ಹೊಡೀರಿ, ಟ್ಯಾಂಕಿನ ಕೆಳಗ ನೆಲಕ್ಕ ಬ್ಯಾಡ. ಉಪ್ಪು ಬೆಳ್ಳಗ ಹಿಟ್ಟಿನಂಗ ವೈರಿನ ಮ್ಯಾಲ ಹತ್ತತದ, ವಾರಕ್ಕೊಮ್ಮೆ ಒದ್ದಿ ಬಟ್ಟಿಲೆ ಒರಸ್ರಿ, ಮೊದಲು ಸ್ವಿಚ್ ಬಂದ್ ಮಾಡಿ.

---

ಕರೇಜ್ (ಬೀದರ್)

ನೀರಿನ ಬಗ್ಗೆ ಯಾರೂ ಹೇಳಿಲ್ಲ, ಈ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಆ ತಾಮ್ರದ ಕಾರ್ಟ್ರಿಜ್. ಮನುಷ್ಯರಿಗೆ ಒಳ್ಳೆಯದೆಂದು ಸೇರಿಸುವ ಆ ತಾಮ್ರ ಹವಳ, ಸಿಗಡಿ, ಬಸವನಹುಳುವಿಗೆ ಅತ್ಯಲ್ಪ ಪ್ರಮಾಣದಲ್ಲೂ ಮಾರಕ. ಜೊತೆಗೆ ಮಿನರಲ್ ಕಾರ್ಟ್ರಿಜ್, ಟಿಡಿಎಸ್ ಕಂಟ್ರೋಲರ್ ಎರಡೂ ಶುದ್ಧವಾದ ನೀರಿಗೆ ಮತ್ತೆ ಲವಣ ಬೆರೆಸುತ್ತವೆ. ಆದ್ದರಿಂದ ನಲ್ಲಿಯಿಂದ ಬರುವ ನೀರು ಬೇಡ. ಆರ್‌ಒ ಮೆಂಬ್ರೇನ್ (ಶೋಧಿಸುವ ಪೊರೆ) ದಾಟಿದ ಕೂಡಲೇ, ಈ ಕಾರ್ಟ್ರಿಜ್‌ಗಳಿಗೆ ಮುಂಚೆ, ಒಂದು ಟಿ ಜೋಡಣೆ ಹಾಕಿ ಬೇರೆ ಪೈಪ್ ಎಳೆಯಿರಿ. ಟಿಡಿಎಸ್ ಕಂಟ್ರೋಲರ್ ತಿರುಪು ಪೂರ್ತಿ ಮುಚ್ಚಿ. ಮಗ್ಗು, ಕೊಡ ಎಲ್ಲ ಪ್ಲಾಸ್ಟಿಕ್ಕೇ ಇರಲಿ, ತಾಮ್ರ-ಹಿತ್ತಾಳೆ ಹತ್ತಿರ ಬರಬಾರದು.

1100 ಟಿಡಿಎಸ್ ನೀರನ್ನು ಒಳ್ಳೆಯ ಮೆಂಬ್ರೇನ್ 95 ಪ್ರತಿಶತ ತಡೆದರೂ 55 ಉಳಿಯುತ್ತದೆ. ಆ 55ರಲ್ಲಿ ನೈಟ್ರೇಟ್, ಸಿಲಿಕೇಟ್ ಏನೇನಿದೆ ಎಂದು ಮೀಟರ್ ಹೇಳುವುದಿಲ್ಲ. ಬೋರಿನಲ್ಲಿ ಹೊಲದ ಗೊಬ್ಬರದ ನೈಟ್ರೇಟ್ ಇಳಿದಿರುವುದೂ ಉಂಟು. ಅದಕ್ಕೇ ಕೊನೆಯಲ್ಲಿ ಡಿಐ ರೆಸಿನ್ (ಉಳಿದ ಲವಣವನ್ನು ಹೀರಿಕೊಳ್ಳುವ ಕಾಳು) ಕಾರ್ಟ್ರಿಜ್ ಒಂದು ಬೇಕು, ಅದರಿಂದ ಹೊರಬರುವ ನೀರು 0 ತೋರಿಸಬೇಕು. 55ರ ನೀರು ರೆಸಿನನ್ನು ಬೇಗ ತಿಂದುಹಾಕುತ್ತದೆ. 3-4 ತೋರಿಸಲು ಶುರುವಾದ ದಿನವೇ ಬದಲಿಸಿ. ಮನೆಗೆ ನಳದ ನೀರು ಬರುತ್ತಿದ್ದರೆ ಅದರ ಟಿಡಿಎಸ್ ಅಳೆದು ನೋಡಿ, ಬೋರಿಗಿಂತ ಕಡಿಮೆ ಇದ್ದರೆ ಟ್ಯಾಂಕಿಗೆ ಅದನ್ನೇ ಹಿಡಿಯಿರಿ. ಆದರೆ ಕ್ಲೋರಿನ್ ಇರುತ್ತದೆ, ಕಾರ್ಬನ್ ಫಿಲ್ಟರ್ ಆರು ತಿಂಗಳಿಗೊಮ್ಮೆ ಬದಲಾಗಲಿ, ಇಲ್ಲದಿದ್ದರೆ ಮೆಂಬ್ರೇನ್ ಹಾಳು.

ಉಪ್ಪು: ರೀಫ್ ಸಾಲ್ಟ್ ಮಿಕ್ಸ್ ಮಾತ್ರ. ಸಿಹಿನೀರು ಮೀನಿಗೆ ಮಾರುವ ಅಕ್ವೇರಿಯಂ ಸಾಲ್ಟ್, ಕಲ್ಲುಪ್ಪು ಎರಡೂ ಬೇರೆ ವಸ್ತು, ಅವುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರ ಸರಿಯಾದ ಪ್ರಮಾಣದಲ್ಲಿ ಇರುವುದಿಲ್ಲ. ಲೀಟರಿಗೆ 37-38 ಗ್ರಾಂ, ಅಂದರೆ ಮೊದಲ 100 ಲೀಟರಿಗೆ 3.75 ಕಿಲೋ, ವಾರದ 10 ಲೀಟರ್ ಬದಲಾವಣೆಗೆ 375 ಗ್ರಾಂ. ಬಕೆಟ್‌ನಲ್ಲಿ ಮೊದಲು ನೀರು, ಪಂಪ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವೇ ಉಪ್ಪು. ಉಪ್ಪು ಹಾಕಿ ಮೇಲೆ ನೀರು ಸುರಿದರೆ ತಳದಲ್ಲಿ ಗಾಢವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆಳ್ಳಗೆ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಗುರಿ 35 ಪಿಪಿಟಿ (ಸಾವಿರ ಪಾಲಿಗೆ 35 ಪಾಲು ಉಪ್ಪು). ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಸಾಲದು, 35 ಪಿಪಿಟಿ ದ್ರಾವಣದಲ್ಲೇ ಹೊಂದಿಸಿ.

ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ದಿನಕ್ಕೆ 3 ಲೀಟರ್ ಆವಿಯಾಗುವುದು ದೊಡ್ಡ ಮಾತಲ್ಲ. ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. 100 ಲೀಟರಿನಲ್ಲಿ 3 ಲೀಟರ್ ಹೋದರೆ 35 ಇದ್ದದ್ದು 36 ಆಗುತ್ತದೆ, ಎರಡು ದಿನ ಊರಿಗೆ ಹೋಗಿಬಂದರೆ 37 ದಾಟಿರುತ್ತದೆ. ಹಾಗಾಗಿ ತಾನಾಗಿ ಸಿಹಿನೀರು ತುಂಬುವ ಎಟಿಒ ನಮ್ಮ ಕಡೆ ಐಷಾರಾಮವಲ್ಲ. ಅದರ ಡಬ್ಬಿ 10 ಲೀಟರಿಗಿಂತ ದೊಡ್ಡದು ಬೇಡ. ಫ್ಲೋಟ್ ಸಿಕ್ಕಿಹಾಕಿಕೊಂಡು ಡಬ್ಬಿಯೆಲ್ಲ ಒಳಗೆ ಸುರಿದರೂ 35 ಇದ್ದದ್ದು 32ರ ಹತ್ತಿರ ನಿಲ್ಲುತ್ತದೆ. 50 ಲೀಟರ್ ಡ್ರಮ್ ಇಟ್ಟಿದ್ದರೆ ಮಹಡಿ ತುಂಬ ನೀರು, ಹವಳವೂ ಇಲ್ಲ.

ಪರಸಿ ಕಲ್ಲು: ಸುಣ್ಣದ ಕಲ್ಲು ಹೌದು, ನೀರಿಗೆ ವಿಷವೇನೂ ಬಿಡುವುದಿಲ್ಲ. ಆದರೆ ರೀಫ್ ಟ್ಯಾಂಕಿನಲ್ಲಿ ಕಲ್ಲೇ ಫಿಲ್ಟರ್. ತೂತು ತೂತಾಗಿ ಇದ್ದರೆ ಒಳಗೆ ಬ್ಯಾಕ್ಟೀರಿಯಾ ನೆಲೆಸುತ್ತದೆ. ಪರಸಿ ಗಟ್ಟಿ, ನುಣುಪು, ಜಾಗವೇ ಇಲ್ಲ, ಭಾರ ಬೇರೆ. ಒಂದು ಪರಸಿಯನ್ನು ಸ್ಟ್ಯಾಂಡಿನ ಕೆಳಗೆ ಮಟ್ಟವಾಗಿ ಕೂರಿಸಿ, ಅದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ತೂತು ಇದೆಯಲ್ಲಾ ಎಂದು ಕೇಳುವವರಿದ್ದಾರೆ, ಬೇಡ. ಕಬ್ಬಿಣ-ಅಲ್ಯೂಮಿನಿಯಂ ತುಂಬಿದ ಕಲ್ಲು, ಕೆಂಪು ಪುಡಿ ಬಿಡುತ್ತಲೇ ಇರುತ್ತದೆ. ರೀಫ್‌ಗೆಂದೇ ತಯಾರಿಸಿದ ಒಣ ಕೃತಕ ಕಲ್ಲು 8-10 ಕಿಲೋ, ಅರಗೊನೈಟ್ ಎಂಬ ಸುಣ್ಣದ ಮರಳು 10 ಕಿಲೋ (ಎರಡೂವರೆ ಸೆಂ.ಮೀ. ದಪ್ಪ ಬರುತ್ತದೆ). ಮೊದಲು ಕಲ್ಲು ಗಾಜಿನ ಮೇಲೆ ಕೂರಿಸಿ, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಸಿಗಡಿ, ಗೋಬಿ ಮೀನು ಕೆಳಗೆ ತೋಡಿ ಉರುಳಿಸುತ್ತವೆ.

---

ತೊಗರಿನಾಡು (ಕಲಬುರಗಿ)

ಎಲ್ಲರಿಗೂ ಶರಣು. ತಾಮ್ರದ ವಿಚಾರ ತಲೆಗೇ ಬಂದಿರಲಿಲ್ಲ. ಹಾಗಾದರೆ ಚಿಲ್ಲರ್, ಆರ್‌ಒ-ಡಿಐ, ಎಟಿಒ ತೆಗೆದು ಉಳಿದದ್ದರಲ್ಲಿ ಲೈಟ್ ಅಂದುಕೊಂಡಿದ್ದೇನೆ. ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಬೇಕಾ? ವೇವ್‌ಮೇಕರ್ ಎಷ್ಟರದು? ಸ್ಕಿಮ್ಮರ್ ಪ್ರಶ್ನೆ ಉಳಿದೇ ಹೋಯಿತು. ಹವಳ ಹೈದರಾಬಾದಿನಿಂದ ತರಬೇಕು, ಯಾವುದು ಕೇಳಲಿ? ಹ್ಯಾಮರ್, ಟಾರ್ಚ್ ಅಂತ ಹವಳ ವಿಡಿಯೋದಲ್ಲಿ ನೋಡಿದೆ, ಚೆಂದ ಇವೆ.

---

ಉಪ್ಪುನೀರು (ಕಲಬುರಗಿ)

ಹ್ಯಾಮರ್, ಟಾರ್ಚ್ ಬಿಡಿ, ಅವು ಗಟ್ಟಿ ಹವಳ. ಸುಣ್ಣದ ಅಸ್ಥಿಪಂಜರವಿರುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಅಂಡಮಾನ್, ಲಕ್ಷದ್ವೀಪ, ಮನ್ನಾರ್ ಕೊಲ್ಲಿಯಿಂದ ಬಂದದ್ದೆಂದು ಯಾರಾದರೂ ಹೆಮ್ಮೆಯಿಂದ ಮಾರಿದರೆ ಅಲ್ಲಿಂದ ಎದ್ದು ಬನ್ನಿ. ಸಮುದ್ರದಿಂದ ಕಿತ್ತ ಲೈವ್ ರಾಕ್ ಕೂಡ ಹವಳದ ಕಲ್ಲೇ. ಕಡಲಕುದುರೆ, ದೈತ್ಯ ಕಪ್ಪೆಚಿಪ್ಪು ಇವಕ್ಕೂ ಅದೇ ಕಾಯ್ದೆಯ ರಕ್ಷಣೆ ಇದೆ. ಗಟ್ಟಿ ಅಸ್ಥಿ ಇಲ್ಲದ ಮಶ್ರೂಮ್, ಜೋವಾಂತಿಡ್, ಲೆದರ್, ಜೀನಿಯಾಗಳನ್ನು ಕೇಳಿ. ಎಲ್ಲಿಂದ ಬಂದದ್ದು ಎಂದು ಬರೆದ ಬಿಲ್ ಪಡೆಯಿರಿ, ಕಾಪಿ ಇಟ್ಟುಕೊಳ್ಳಿ. ಕ್ಲೌನ್ ಮೀನಂತೂ ಮರಿ ಮಾಡಿಸಿ ಸಾಕಿದ್ದೇ ಸಿಗುತ್ತದೆ, ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಆ ವಿಧಾನವನ್ನು ನಮ್ಮಲ್ಲೇ ರೂಪಿಸಿದೆ. ಸಮುದ್ರದ್ದಕ್ಕಿಂತ ಗಟ್ಟಿ ಜೀವ, ಉಂಡೆ ಆಹಾರವನ್ನೂ ಮೊದಲ ದಿನವೇ ತಿನ್ನುತ್ತದೆ. ಜೊತೆಗೆ ಅನಿಮೋನ್ (ಕ್ಲೌನ್ ಮೀನು ಆಸರೆ ಪಡೆಯುವ ಕಡಲ ಜೀವಿ) ಬೇಕೆಂದು ಆಸೆಯಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಅದು ಅಲೆದಾಡಿ ವೇವ್‌ಮೇಕರಿಗೆ ಸಿಕ್ಕಿ ಚೂರಾಗಿ ನೀರೆಲ್ಲ ಕೆಡಿಸುತ್ತದೆ. ಕ್ಲೌನಿಗೆ ಅನಿಮೋನ್ ಇಲ್ಲದೆಯೂ ಏನೂ ಕೊರತೆಯಿಲ್ಲ.

ಜೋವಾಂತಿಡ್ ಬಗ್ಗೆ ಒಂದು ಎಚ್ಚರಿಕೆ. ಅವುಗಳಲ್ಲಿ ಕೆಲವು, ಮುಖ್ಯವಾಗಿ ಪಾಲಿಥೋವಾ, ಪಾಲಿಟಾಕ್ಸಿನ್ ಎಂಬ ಘೋರ ವಿಷ ಇಟ್ಟುಕೊಂಡಿರುತ್ತವೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ, ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಶುಚಿಮಾಡಲೆಂದು ಕುದಿಸುವುದಂತೂ ಕೂಡದು, ಆ ಹಬೆ ಉಸಿರಾಡಿದವರು ಆಸ್ಪತ್ರೆ ಸೇರಿದ್ದಿದೆ.

ಸಂಪ್: ಬೇಡ. ಗಾಜು ಕತ್ತರಿಸಿಲ್ಲ ಅಂದಿರಲ್ಲ, ಹಿಂದೆ 10 ಸೆಂ.ಮೀ. ಅಗಲದ ಕೋಣೆ ಬಿಟ್ಟು ಅಡ್ಡಗಾಜು ಹಾಕಿಸಿ. ಮೇಲೆ ಬಾಚಣಿಗೆಯಂಥ ಹಲ್ಲಿನಿಂದ ನೀರು ಆ ಕೋಣೆಗೆ ಇಳಿಯುತ್ತದೆ. ಹತ್ತಿ, ಕಾರ್ಬನ್, ಹೀಟರ್, ಎಟಿಒ ಫ್ಲೋಟ್, ರಿಟರ್ನ್ ಪಂಪ್ ಎಲ್ಲ ಅಲ್ಲೇ. ಕರೆಂಟ್ ಹೋದಾಗ ಸಂಪ್ ಉಕ್ಕಿ ಹರಿಯುವ ಭಯವಿಲ್ಲ. 8 ಮಿ.ಮೀ. ಗಾಜು ಸಾಕು. ಸಿಲಿಕೋನ್ ಅಕ್ವೇರಿಯಂನದೇ ಇರಲಿ, ಬಚ್ಚಲುಮನೆಗೆ ಮಾರುವ ಶಿಲೀಂಧ್ರನಾಶಕ ಬೆರೆಸಿದ್ದು ಬೇಡ ಎಂದು ಗಾಜಿನ ಅಂಗಡಿಯವರಿಗೆ ಒತ್ತಿ ಹೇಳಿ. ಟ್ಯಾಂಕು, ನೀರು, ಕಲ್ಲು ಸೇರಿ 150 ಕಿಲೋ ಬರುತ್ತದೆ, ಪ್ಲೈವುಡ್ ಟೇಬಲ್ ತಡೆಯುವುದಿಲ್ಲ.

ರಿಟರ್ನ್ ಪಂಪ್ ಗಂಟೆಗೆ 600-800 ಲೀಟರ್. ವೇವ್‌ಮೇಕರ್ 2000ದಿಂದ 4000ದವರೆಗೆ ಏರಿಳಿಸಬಹುದಾದದ್ದು, ಎದುರು ಗಾಜಿಗೆ ಹೊಡೆದು ಹರಡುವ ಹಾಗೆ ಇಡಿ. ನೇರ ಹವಳಕ್ಕೆ ಹೊಡೆದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲ. ಸ್ಕಿಮ್ಮರ್ ಈಗ ಬೇಡ. ಎರಡು ಮೀನು, ವಾರಕ್ಕೆ 10 ಲೀಟರ್ ಬದಲಾವಣೆ ಇದ್ದರೆ ಅದಿಲ್ಲದೆ ನಡೆಯುತ್ತದೆ. ಅಗ್ಗದ ಸ್ಕಿಮ್ಮರ್ ಶಬ್ದ ಮಾಡುತ್ತದೆ, ಬಿಸಿ ಸೇರಿಸುತ್ತದೆ, ನೊರೆ ಹಿಡಿಯುವುದು ಮಾತ್ರ ಅಪರೂಪ. ಆ ದುಡ್ಡನ್ನು ತಾಪಮಾನ ಕಂಟ್ರೋಲರಿಗೆ ಹಾಕಿ. ಎಸ್‌ಟಿಸಿ-1000 ನಮೂನೆಯದು ಒಂದೇ ಸೆನ್ಸರಿನಿಂದ ಫ್ಯಾನನ್ನೂ ಹೀಟರನ್ನೂ ನಡೆಸುತ್ತದೆ: 26ಕ್ಕೆ ಹೊಂದಿಸಿ, 0.5 ವ್ಯತ್ಯಾಸ ಕೊಡಿ. ಡಿಸೆಂಬರ್-ಜನವರಿ ರಾತ್ರಿಗೆ 100 ವ್ಯಾಟ್ ಹೀಟರ್ ಬೇಕಾಗುತ್ತದೆ. ಹೀಟರಿನ ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಉರಿಯುತ್ತಲೇ ಇರುವುದು ಮಾಮೂಲಿ ದೋಷ, ಹೊರಗಿನ ಕಂಟ್ರೋಲರ್ ಇದ್ದರೆ ಅದು ಕತ್ತರಿಸುತ್ತದೆ.

ಲೈಟ್ ಹೊಂದಾಣಿಕೆ: ನೀರಿನಿಂದ 20-25 ಸೆಂ.ಮೀ. ಮೇಲೆ. ಮೊದಲ ಹವಳ ಬಂದ ದಿನ ನೀಲಿ 30, ಬಿಳಿ 5 ಪ್ರತಿಶತ. ವಾರಕ್ಕೆ 5ರಂತೆ ಏರಿಸಿ ನೀಲಿ 55-60, ಬಿಳಿ 10-15ಕ್ಕೆ ನಿಲ್ಲಿಸಿ. ಕೆಂಪು, ಹಸಿರು ಚಾನೆಲ್ ಇದ್ದರೆ 2-3ರ ಮೇಲೆ ಬೇಡ. ಮಶ್ರೂಮ್ ತಟ್ಟೆಯ ಅಂಚು ಮೇಲೆ ಮಡಚಿ ಕುಗ್ಗಿದರೆ ಬೆಳಕು ಹೆಚ್ಚು, ಜೋವಾಂತಿಡ್ ಕಾಂಡ ಉದ್ದಕ್ಕೆ ಚಾಚಿಕೊಂಡರೆ ಕಡಿಮೆ. ಒಟ್ಟು 8-9 ಗಂಟೆ, ಆರಂಭ-ಅಂತ್ಯದಲ್ಲಿ ಒಂದೊಂದು ಗಂಟೆ ಮಂದ. ಬೇಸಿಗೆಯಲ್ಲಿ ಮಧ್ಯಾಹ್ನ ಹಚ್ಚಬೇಡಿ, ಸಂಜೆ 4ರಿಂದ ರಾತ್ರಿ 12 ಇಟ್ಟು ಜೋರು ಬೆಳಕನ್ನು 7ರ ನಂತರಕ್ಕೆ ತಳ್ಳಿ. ನೀವು ಮನೆಯಲ್ಲಿರುವ ಹೊತ್ತೂ ಅದೇ.

---

ಖಾಲಿಕೊಳ (ಕಲಬುರಗಿ)

ಚಿಲ್ಲರ್ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಅದೇ ಕೋಣೆಗೆ 1 ಟನ್ ಇನ್ವರ್ಟರ್ ಎಸಿ ಹಾಕಿಸಿ 27ಕ್ಕೆ ಇಟ್ಟರೆ ಮನುಷ್ಯರಿಗೂ ಉಪಯೋಗ, ಟ್ಯಾಂಕಿಗೂ ಉಪಯೋಗ.

---

ಭೀಮಾತೀರ (ಯಾದಗಿರಿ)

ಎಸಿ ಹಗಲು-ರಾತ್ರಿ ಎರಡೂವರಿ ತಿಂಗಳು ಬಂದ್ ಮಾಡ್ದೆ ಓಡಸ್ತೀರೇನ್ರಿ? ಮಂದಿ ಕೋಣ್ಯಾಗ ಇಲ್ಲದಾಗ ಬಂದ್ ಮಾಡ್ತಾರ, ಮಧ್ಯಾಹ್ನ ಆರು ತಾಸಿನೊಳಗ ನೀರು 31 ಆಗಿರ್ತದ. ದಿನಾ 26ರಿಂದ 31, ತಿರುಗಿ 26, ಈ ಏರಿಳಿತ ಒಂದೇ ಸವನೆ 28 ಇರೂದಕ್ಕಿಂತ ಕೆಟ್ಟದ್ದು. ಜೆಸ್ಕಾಂ ಬಿಲ್ಲೂ ನೋಡ್ರಿ. ಚಿಲ್ಲರ್‌ನೇ ಚಲೋ. ಎಸಿ ಮೊದಲೇ ಇದ್ದವರಿಗೆ ಮಾತು ಬ್ಯಾರೆ.

---

ಕರೇಜ್ (ಬೀದರ್)

ಹವಳ ತರುವ ಮೊದಲು ಸೈಕಲ್ (ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವ ಹಂತ) ಮುಗಿಸಬೇಕು, ನಾಲ್ಕರಿಂದ ಆರು ವಾರ. ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷ ಪಾಲಿಗೆ 2 ಪಾಲು) ಬರಲು 100 ಲೀಟರಿಗೆ 0.6 ಗ್ರಾಂ ಅಮೋನಿಯಂ ಕ್ಲೋರೈಡ್, ಲ್ಯಾಬ್ ದರ್ಜೆಯದು. ಪಾತ್ರೆಗೆ ಕಲಾಯಿ ಹಾಕಲು ಬಳಸುವ ನವಸಾಗರ ಅದೇ ವಸ್ತುವಾದರೂ ಕಲಬೆರಕೆ ಇರುತ್ತದೆ, ಬೇಡ. ಬಾಟಲಿ ಬ್ಯಾಕ್ಟೀರಿಯಾ ಸೇರಿಸಿ. ಹಾಕಿದ 2 ಪಿಪಿಎಂ ಒಂದೇ ದಿನದಲ್ಲಿ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆ ತೋರಿಸಿದಾಗ ಸಿದ್ಧ. ಈ ಅವಧಿಯಲ್ಲಿ ಲೈಟ್ ಹಚ್ಚಲೇಬೇಡಿ, ಹಚ್ಚಿದರೆ ಪಾಚಿ ಸಾಕಿದ ಹಾಗೆ. ಆಮೇಲೆ ಕಂದು ಧೂಳಿನಂಥ ಡಯಾಟಮ್ ಪಾಚಿ ಬರುತ್ತದೆ, ಸಿಲಿಕೇಟ್ ಮುಗಿದರೆ ತಾನೇ ಹೋಗುತ್ತದೆ, ಔಷಧಿ ಬೇಡ. ಮುಂದೆ ನೀರಿನಲ್ಲಿ ನೈಟ್ರೇಟ್ 5-10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ, ಕ್ಷಾರ 8-9 ಡಿಕೆಎಚ್ (ಕ್ಷಾರದ ಮಾನ) ಇರಲಿ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಲು ಹೋಗಬೇಡಿ. ಹವಳ ಹಸಿದು ಮಂಕಾಗುತ್ತದೆ, ಖಾಲಿಯಾದ ಜಾಗಕ್ಕೆ ಲೋಳೆ ಲೋಳೆಯಾದ ಡೈನೋಫ್ಲಾಜಲೇಟ್ ಬರುತ್ತದೆ, ಅದನ್ನು ಕಳೆಯುವುದು ಪಾಚಿಗಿಂತ ಕಷ್ಟ.

ಹೈದರಾಬಾದಿನಿಂದ ತರುವುದು: ಕಲಬುರಗಿಗೆ ಐದಾರು ತಾಸು. ಥರ್ಮಾಕೋಲ್ ಪೆಟ್ಟಿಗೆ, ರಾತ್ರಿ ಪ್ರಯಾಣ, ಬೇಸಿಗೆಯಾದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಪ್ಯಾಕ್ ಚೀಲಕ್ಕೆ ತಾಗದಂತೆ ಮೂಲೆಯಲ್ಲಿ. ಮನೆಗೆ ಬಂದ ಮೇಲೆ ಮೀನಿನ ಚೀಲ ಬಿಚ್ಚದೆ 20 ನಿಮಿಷ ತೇಲಿಬಿಡಿ. ಬಿಚ್ಚಿದ ಮೇಲೆ ತಡ ಮಾಡಬಾರದು. ದಾರಿಯಲ್ಲಿ ಚೀಲದಲ್ಲಿ ಅಮೋನಿಯಾ ಸೇರಿರುತ್ತದೆ, ಇಂಗಾಲದ ಡೈಆಕ್ಸೈಡೂ ಸೇರಿ ಪಿಎಚ್ ಇಳಿದಿರುವುದರಿಂದ ಅಮೋನಿಯಾದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹಾರಿ ಪಿಎಚ್ ಏರಿ, ವಿಷ ಜೋರಾಗುತ್ತದೆ. ಗಂಟೆಗಟ್ಟಲೆ ತೊಟ್ಟು ತೊಟ್ಟು ನೀರು ಬಿಡುವ ಪದ್ಧತಿ ಹೀಗಾಗಿ ಅಪಾಯ. ಹೊರಡುವ ಮುಂಚೆ ಅಂಗಡಿಗೆ ಫೋನ್ ಮಾಡಿ ಅವರ ನೀರಿನ ಉಪ್ಪು ಎಷ್ಟೆಂದು ಕೇಳಿ. ಮೀನಿನ ಟ್ಯಾಂಕನ್ನು 28-30 ಪಿಪಿಟಿಯಲ್ಲಿ ನಡೆಸುವ ಅಂಗಡಿಗಳಿವೆ. ಹಾಗಿದ್ದರೆ ಬಕೆಟ್‌ನಲ್ಲಿ ಅಷ್ಟೇ ಉಪ್ಪಿನ ನೀರು ಮೊದಲೇ ಸಿದ್ಧ ಮಾಡಿ ಮೀನನ್ನು ಬಲೆಯಲ್ಲಿ ಅದಕ್ಕೆ ದಾಟಿಸಿ. ಹೀಟರ್, ಏರ್ ಪಂಪ್ ಹಾಕಿ, ದಿನಕ್ಕೆ 2 ಪಿಪಿಟಿಯಂತೆ ಏರಿಸಿ ಆಮೇಲೆ ಟ್ಯಾಂಕಿಗೆ ಬಿಡಿ. ಚೀಲದ ನೀರು ಮಾತ್ರ ಟ್ಯಾಂಕಿಗೆ ಒಂದು ಲೋಟವೂ ಬೀಳಬಾರದು, ಬಚ್ಚಲಿಗೆ ಚೆಲ್ಲಿ.